ರಿಚರ್ಡ್ ಆಲೆನ್ (ಬಿಷಪ್)

ರಿಚರ್ಡ್ ಆಲೆನ್ (14 ಫೆಬ್ರುವರಿ 1760 – 26 ಮಾರ್ಚ್ 1831) ಅಮೆರಿಕ ಸಂಯುಕ್ತ ಸಂಸ್ಥಾನದ ಕ್ರೈಸ್ತ ಬೋಧಕರು ಹಾಗೂ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಸ್ಥಾಪಕರು ಮತ್ತು ಅದರ ಮೊದಲ ಬಿಷಪ್. ಗುಲಾಮರಾಗಿ ಹುಟ್ಟಿ, ಕೂಲಿ ದುಡಿದು ಹಣ ಕಟ್ಟಿ ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡ ಇವರು ಫಿಲಡೆಲ್ಫಿಯ ನಗರದಲ್ಲಿ ಬೇತೇಲ್ ಎಂಬ ಸಭೆಯನ್ನು ಕಟ್ಟಿದರು. ಬಿಳಿಯರೊಡನೆ ಒಂದೇ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದ ಕಪ್ಪು ವರ್ಣದ ಭಕ್ತರು ತಮ್ಮದೇ ಆದ ಸಭೆಯನ್ನು ಏಕೆ ಕಟ್ಟಿಕೊಂಡರು ಎಂಬುದು ಇವರ ಜೀವನಚರಿತ್ರೆಯ ಮುಖ್ಯ ವಿಷಯ.

ಕನ್ನಡ ಕ್ರೈಸ್ತರ ಬಳಕೆಯಲ್ಲಿ ಸಭೆ ಎಂದರೆ ಕೂಡಿಬಂದ ಜನ. ಅವರು ಕೂಡುವ ಕಟ್ಟಡಕ್ಕೆ ದೇವಾಲಯ ಎನ್ನುತ್ತಾರೆ. ಈ ಲೇಖನದಲ್ಲಿಯೂ ಅದೇ ಭೇದವನ್ನು ಪಾಲಿಸಲಾಗಿದೆ. ಆಲೆನ್ ಅವರ ಬದುಕಿನಲ್ಲಿ ಜನರ ಪ್ರಶ್ನೆಯೂ ಕಟ್ಟಡದ ಪ್ರಶ್ನೆಯೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಓದುಗರು ಇದನ್ನು ನೆನಪಿನಲ್ಲಿಡುವುದು ಒಳಿತು.

ಬಾಲ್ಯ ಮತ್ತು ಬಿಡುಗಡೆ

ಆಲೆನ್ ಹುಟ್ಟಿದಾಗ ಅವರ ಇಡೀ ಕುಟುಂಬ ಫಿಲಡೆಲ್ಫಿಯದ ಪ್ರಸಿದ್ಧ ವಕೀಲ ಬೆಂಜಮಿನ್ ಚ್ಯೂ ಅವರ ಆಸ್ತಿಯಾಗಿತ್ತು. ಸುಮಾರು 1768ರಲ್ಲಿ ಚ್ಯೂ ಈ ಕುಟುಂಬವನ್ನು ಡೆಲವೇರ್ ಪ್ರಾಂತದ ಡೋವರ್ ಪಟ್ಟಣದ ಬಳಿಯ ಸ್ಟೋಕ್ಲಿ ಸ್ಟರ್ಜಿಸ್ ಎಂಬ ರೈತನಿಗೆ ಮಾರಿದರು. ಸ್ಟರ್ಜಿಸ್ ಕ್ರೂರಿಯಲ್ಲ, ತಂದೆಯಂತೆ ತಮ್ಮನ್ನು ನೋಡಿಕೊಂಡನೆಂದೇ ಆಲೆನ್ ಮುಂದೆ ಆತ್ಮಕಥೆಯಲ್ಲಿ ಬರೆಸಿದರು. ಆದರೆ ಸಾಲ ಹೆಚ್ಚಿದಾಗ ಆ ದಯಾಳುವೇ ಆಲೆನ್ ಅವರ ತಾಯಿಯನ್ನೂ ಆಕೆಯ ಮೂವರು ಮಕ್ಕಳನ್ನೂ ಮಾರಿಬಿಟ್ಟನು. ಒಡೆಯ ಒಳ್ಳೆಯವನಾದರೂ ಅವನ ಸಾಲ, ಅವನ ಸಾವು ಗುಲಾಮನ ಮನೆಯನ್ನು ಒಂದೇ ದಿನದಲ್ಲಿ ಒಡೆಯಬಲ್ಲವು ಎಂಬುದನ್ನು ಆಲೆನ್ ಹದಿಹರೆಯದಲ್ಲಿಯೇ ಕಂಡುಂಡರು.

ಉಳಿದದ್ದು ರಿಚರ್ಡ್, ಒಬ್ಬ ಅಣ್ಣ ಮತ್ತು ಒಬ್ಬ ಅಕ್ಕ. ಈ ಕಾಲದಲ್ಲಿ ಡೆಲವೇರಿನ ಹಳ್ಳಿಗಳಲ್ಲಿ ಮೆಥಡಿಸ್ಟ್ ಬೋಧಕರು ಕುದುರೆಯ ಮೇಲೆ ಸಂಚರಿಸುತ್ತ ಬಯಲಿನಲ್ಲಿಯೂ ಕೊಟ್ಟಿಗೆಗಳಲ್ಲಿಯೂ ಪ್ರಸಂಗ ಮಾಡುತ್ತಿದ್ದರು. ಹದಿನೇಳರ ಪ್ರಾಯದಲ್ಲಿ ಆಲೆನ್ ಅವರ ಮಾತಿಗೆ ಮನಸೋತು ವಿಶ್ವಾಸಿಯಾದರು ಮತ್ತು ಕಾಡಿನಲ್ಲಿ ಕೂಡುತ್ತಿದ್ದ ಒಂದು ಚಿಕ್ಕ ಕೂಟಕ್ಕೆ ಸೇರಿದರು. ಮೆಥಡಿಸ್ಟರಲ್ಲಿ ಇದಕ್ಕೆ ಕ್ಲಾಸ್ ಎಂದು ಹೆಸರು; ಶಾಲೆಯ ತರಗತಿಗೂ ಇದಕ್ಕೂ ಸಂಬಂಧವಿಲ್ಲ. ಹತ್ತು ಹನ್ನೆರಡು ಮಂದಿ ವಾರಕ್ಕೊಮ್ಮೆ ಕೂಡಿ, ಒಬ್ಬ ನಾಯಕನ ಮುಂದೆ ಪ್ರತಿಯೊಬ್ಬರೂ ತಮ್ಮ ಆ ವಾರದ ಬಾಳು ಹೇಗೆ ನಡೆಯಿತೆಂದು ಹೇಳಿಕೊಳ್ಳುವುದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು ಇದರ ಕ್ರಮ. ಯಾರೂ ಕೇಳದ ಗುಲಾಮನ ಸುಖದುಃಖವನ್ನು ಅಲ್ಲಿ ಹೆಸರು ಹಿಡಿದು ಕೇಳುತ್ತಿದ್ದರು. ಕುಟುಂಬ ಚದುರಿಹೋದ ಹುಡುಗನಿಗೆ ಆ ಕೂಟ ಏನಾಗಿದ್ದಿತೆಂದು ಊಹಿಸುವುದು ಕಷ್ಟವಲ್ಲ.

ಧರ್ಮ ಹಿಡಿದ ಗುಲಾಮರು ಮೈಗಳ್ಳರಾಗುತ್ತಾರೆ ಎಂದು ನೆರೆಯವರು ಸ್ಟರ್ಜಿಸನ ಕಿವಿಯೂದಿದರು. ಅಣ್ಣತಮ್ಮಂದಿರು ಇದಕ್ಕೆ ದುಡಿಮೆಯಿಂದಲೇ ಉತ್ತರ ಕೊಟ್ಟರು. ಹಗಲಿರುಳು ಗೇದು ಬೆಳೆಯ ಕೆಲಸ ಹಿಂದುಳಿಯದಂತೆ ನೋಡಿಕೊಂಡರು. ಕೆಲಸ ಮುಗಿಯದಿದ್ದ ವಾರ ಕೂಟಕ್ಕೇ ಹೋಗುತ್ತಿರಲಿಲ್ಲ. ಕೊನೆಗೆ ಒಡೆಯನೇ ಅವರನ್ನು ಕೂಟಕ್ಕೆ ಹೋಗಿರೆಂದು ಕಳುಹಿಸತೊಡಗಿದನು, ಬೋಧಕರನ್ನು ಮನೆಗೆ ಕರೆಸಲು ಒಪ್ಪಿದನು. ಹಾಗೆ ಬಂದವರಲ್ಲಿ ಒಬ್ಬರು ಫ್ರೀಬಾರ್ನ್ ಗ್ಯಾರೆಟ್ಸನ್. ಇವರು ಸ್ವತಃ ತಮ್ಮ ಗುಲಾಮರನ್ನು ಬಿಡುಗಡೆ ಮಾಡಿದವರು. ತಕ್ಕಡಿಯಲ್ಲಿ ತೂಗಿ ನೋಡಿದಾಗ ಕಡಿಮೆಯಾಗಿ ಕಂಡುಬಂದ ಅರಸನ ಬೈಬಲ್ ಪ್ರಸಂಗವನ್ನು ಅವರು ವಿವರಿಸಿದ್ದನ್ನು ಕೇಳಿದ ಸ್ಟರ್ಜಿಸನಿಗೆ ಗುಲಾಮರನ್ನಿಟ್ಟುಕೊಂಡಿರುವುದು ಪಾಪವೆಂದು ತೋರಿತು.

ಆದರೂ ಬಿಡುಗಡೆ ಪುಕ್ಕಟೆಯಾಗಿ ದೊರೆಯಲಿಲ್ಲ. 60 ಪೌಂಡು ಬೆಲೆಯ ಚಿನ್ನ ಬೆಳ್ಳಿ, ಇಲ್ಲವೆ ಆಗ ಚಲಾವಣೆಯಲ್ಲಿದ್ದ 2000 ಕಾಗದದ ಡಾಲರು ಕೊಟ್ಟು ತಮ್ಮನ್ನು ಬಿಡಿಸಿಕೊಳ್ಳಬಹುದೆಂದು 1780ರಲ್ಲಿ ಒಪ್ಪಂದವಾಯಿತು. ಯುದ್ಧಕಾಲದ ಆ ಕಾಗದದ ಹಣದ ಬೆಲೆ ಕುಸಿದಿದ್ದರಿಂದ ಎರಡು ಮೊತ್ತಗಳ ನಡುವೆ ಇಷ್ಟು ಅಂತರ. ಆಲೆನ್ ಸೌದೆ ಕಡಿದರು. ಮೊದಲ ದಿನವೇ ಅಂಗೈ ಬೊಬ್ಬೆಯೆದ್ದು ಮುಚ್ಚಲೂ ತೆರೆಯಲೂ ಬಾರದಂತಾಯಿತು. ಇಟ್ಟಿಗೆಯ ಗೂಡಿನಲ್ಲಿ ದುಡಿದರು. ಸ್ವಾತಂತ್ರ್ಯ ಸಂಗ್ರಾಮ ನಡೆಯುತ್ತಿದ್ದ ವರ್ಷಗಳಲ್ಲಿ ಕಡಲ ತೀರದಿಂದ ಉಪ್ಪು ತರುವ ಗಾಡಿ ಹೊಡೆದರು. ದಾರಿಯಲ್ಲಿ ಗಾಡಿ ನಿಲ್ಲಿಸುವ ಕಡೆಗಳಲ್ಲಿ ಪ್ರಸಂಗ ಮಾಡಿದರು. 1783ರ ವೇಳೆಗೆ, ಗಡುವಿಗೆ ಮೊದಲೇ, ಹಣ ಪೂರ್ತಿ ಸಂದಾಯವಾಯಿತು. ಆಲೆನ್ ಎಂಬ ಮನೆತನದ ಹೆಸರನ್ನು ಅವರು ತಾವಾಗಿ ಇಟ್ಟುಕೊಂಡದ್ದು.

ಸಂಚಾರಿ ಬೋಧಕ

ಮುಂದಿನ ಎರಡು ಮೂರು ವರ್ಷ ಆಲೆನ್ ಡೆಲವೇರ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯ ಮತ್ತು ಮೇರಿಲೆಂಡ್ ಪ್ರಾಂತಗಳಲ್ಲಿ ಬಹುತೇಕ ಕಾಲ್ನಡಿಗೆಯಲ್ಲಿಯೇ ಸಂಚರಿಸಿದರು. ಕೇಳುಗರಲ್ಲಿ ಬಿಳಿಯರೂ ಇದ್ದರು, ಕರಿಯರೂ ಇದ್ದರು. ಖರ್ಚಿಗೆ ಬೇಕಾದಾಗ ಎಲ್ಲಿಯಾದರೂ ನಿಂತು ಕೂಲಿ ಮಾಡಿ ಮತ್ತೆ ಹೊರಡುತ್ತಿದ್ದರು. ಪೆನ್ಸಿಲ್ವೇನಿಯದ ರಾಡ್ನರ್ ಎಂಬಲ್ಲಿಗೆ ಬಂದಾಗ ಪಾದಗಳು ಹುಣ್ಣಾಗಿ ನೆಲಕ್ಕೆ ಊರಲಾಗುತ್ತಿರಲಿಲ್ಲ. ಗುರುತಿಲ್ಲದ ದಂಪತಿಗಳು ಚಹಾಕ್ಕೆ ಕರೆದು, ಮೇಜನ್ನೇ ಅವರ ಬಳಿಗೆ ತಂದರು, ಬೆಚ್ಚಗಿನ ನೀರಿಗೆ ತವುಡು ಬೆರೆಸಿ ಅವರ ಪಾದ ತೊಳೆದು ಉಪಚರಿಸಿದರು. ಸುಮಾರು ನಲವತ್ತೈದು ವರ್ಷಗಳ ಮೇಲೆ ಆತ್ಮಕಥೆ ಬರೆಸುವಾಗಲೂ ಆಲೆನ್ ಈ ಸಂಗತಿಯನ್ನು ಬಿಡಲಿಲ್ಲ.

1784ರ ಕ್ರಿಸ್‌ಮಸ್ ಸಮಯದಲ್ಲಿ ಬಾಲ್ಟಿಮೋರ್ ನಗರದಲ್ಲಿ ಸೇರಿದ ಸಮ್ಮೇಳನದಲ್ಲಿ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ವಿಧಿವತ್ತಾಗಿ ಸ್ಥಾಪನೆಯಾಯಿತು. (ಬೆಂಗಳೂರು, ಕೋಲಾರ, ಬೀದರ ಕಡೆಗಳಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದ ಕೆಲಸ ಮಾಡಿದ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಇದೇ ಸಭೆಯವರು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ ಇಂಗ್ಲೆಂಡಿನದು, ಬೇರೆ.) ಸದಸ್ಯರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ಆ ಸಮ್ಮೇಳನ ನಿಯಮ ಮಾಡಿತು, ಆರು ತಿಂಗಳೊಳಗೇ ವಿರೋಧಕ್ಕೆ ಮಣಿದು ನಿಯಮವನ್ನು ತಡೆಹಿಡಿಯಿತು. ಹೊಸ ಸಭೆಯ ಬಿಷಪ್ ಫ್ರಾನ್ಸಿಸ್ ಆಸ್ಬರಿ ಆಲೆನ್ ಅವರನ್ನು ದಕ್ಷಿಣ ಪ್ರಾಂತಗಳಿಗೆ ತಮ್ಮ ಜತೆ ಬರಲು ಕೇಳಿಕೊಂಡರು. ಅಲ್ಲಿಯ ಗುಲಾಮರೊಡನೆ ಬೆರೆಯಬಾರದು, ಕೆಲವು ರಾತ್ರಿ ಗಾಡಿಯಲ್ಲಿಯೇ ಮಲಗಬೇಕಾದೀತು, ಅನ್ನಬಟ್ಟೆಯ ಹೊರತು ಸಂಬಳವಿಲ್ಲ ಎಂಬುವು ಕರಾರುಗಳು. ಕಾಯಿಲೆ ಬಿದ್ದರೆ ತಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಯೋಚಿಸಿ ಆಲೆನ್ ಒಪ್ಪಲಿಲ್ಲ. ಆಸ್ಬರಿಯವರ ಬಗ್ಗೆ ಅವರ ಗೌರವ ಮಾತ್ರ ಕಡಿಮೆಯಾಗಲಿಲ್ಲ.

ಫಿಲಡೆಲ್ಫಿಯ ಮತ್ತು ಸ್ವತಂತ್ರ ಆಫ್ರಿಕನ್ನರ ಸಂಘ

1786ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯದ ಸೇಂಟ್ ಜಾರ್ಜ್ ದೇವಾಲಯದಲ್ಲಿ ಪ್ರಸಂಗ ಮಾಡಲು ಆಲೆನ್ ಅವರಿಗೆ ಕರೆ ಬಂದಿತು. ಅವರಿಗೆ ಗೊತ್ತುಮಾಡಿದ್ದು ಬೆಳಗಿನ ಐದು ಗಂಟೆಯ ಹೊತ್ತು. ನಗರದ ಕಪ್ಪು ಜನರಲ್ಲಿ ಬಹುಪಾಲು ಮನೆಗೆಲಸದವರು, ಕೂಲಿಗಳು. ಬಿಡುವಿದ್ದರೆ ಅದು ಕೆಲಸಕ್ಕೆ ಮೊದಲು ಅಥವಾ ನಂತರ. ಆಲೆನ್ ಕೆಲವೊಮ್ಮೆ ದಿನಕ್ಕೆ ನಾಲ್ಕೈದು ಸಲ ಬೀದಿ ಬಯಲುಗಳಲ್ಲಿ ಪ್ರಸಂಗ ಮಾಡಿ, ಬೇಗನೆ 42 ಮಂದಿಯ ಕೂಟವೊಂದನ್ನು ಕಟ್ಟಿದರು. ಇವರಿಗೆ ಪ್ರತ್ಯೇಕ ಪ್ರಾರ್ಥನಾ ಸ್ಥಳ ಬೇಕೆಂದು ಅವರು ಸೂಚಿಸಿದಾಗ ಕಪ್ಪು ಜನರಲ್ಲಿಯೇ ಗಣ್ಯರಾದವರು ವಿರೋಧಿಸಿದರು. ಸೇಂಟ್ ಜಾರ್ಜಿನ ಹಿರಿಯರೂ ಹೀಯಾಳಿಸಿದರು. ಬೆಂಬಲಕ್ಕೆ ನಿಂತವರು ಮೂವರೇ. ಅವರಲ್ಲಿ ಒಬ್ಬರಾದ ಆಬ್ಸಲೋಮ್ ಜೋನ್ಸ್ ತಾವೂ ಹಣ ಕೊಟ್ಟು ಬಿಡುಗಡೆ ಪಡೆದವರು. ಬದುಕಿನುದ್ದಕ್ಕೂ ಆಲೆನ್ ಅವರಿಗೆ ಒಡನಾಡಿಯಾಗಿದ್ದವರು ಇವರು.

1787ರ ಏಪ್ರಿಲ್ 12ರಂದು ಈ ಇಬ್ಬರೂ ಸೇರಿ ಸ್ವತಂತ್ರ ಆಫ್ರಿಕನ್ನರ ಸಂಘವನ್ನು ಆರಂಭಿಸಿದರು. ಯಾವುದೇ ಪಂಥಕ್ಕೆ ಸೇರಿದವರಾದರೂ ಸದಸ್ಯರಾಗಬಹುದಿತ್ತು. ತಿಂಗಳಿಗೆ ಒಂದು ಬೆಳ್ಳಿಯ ಷಿಲಿಂಗ್ ಚಂದಾ. ಒಂದು ವರ್ಷ ತಪ್ಪದೆ ಕಟ್ಟಿದವರಿಗೆ ಕಷ್ಟ ಬಂದರೆ ವಾರಕ್ಕೆ 3 ಷಿಲಿಂಗ್ 9 ಪೆನ್ಸ್ ನೆರವು. ಸದಸ್ಯ ತೀರಿಕೊಂಡರೆ ವಿಧವೆಗೆ ಸಹಾಯ, ಮಕ್ಕಳಿಗೆ ಓದು ಅಥವಾ ಕಸುಬು ಕಲಿಸುವ ಹೊಣೆ. ಕುಡುಕರಿಗೆ ಪ್ರವೇಶವಿಲ್ಲ, ಸ್ವಂತ ದುರ್ನಡತೆಯಿಂದ ಕಷ್ಟಕ್ಕೆ ಬಿದ್ದವರಿಗೆ ನೆರವೂ ಇಲ್ಲ. ನಮ್ಮ ಹಳ್ಳಿಗಳ ಚೀಟಿ, ಮುಷ್ಟಿಫಂಡುಗಳನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು.

ಕೆಲವೇ ಕಾಲದಲ್ಲಿ ಸಂಘದ ನಡಾವಳಿ ಕ್ವೇಕರ್ ಪಂಥದ ಕಡೆಗೆ ವಾಲಿತು. ಸಭೆಯ ಆರಂಭದಲ್ಲಿ ಹದಿನೈದು ನಿಮಿಷ ಮೌನವಾಗಿ ಕುಳಿತಿರಬೇಕೆಂಬ ನಿಯಮ ಬಂದಿತು. ಹಾಡು, ಅಳು, ಗಟ್ಟಿಯಾದ ಪ್ರಾರ್ಥನೆಗಳ ನಡುವೆ ವಿಶ್ವಾಸ ಪಡೆದ ಆಲೆನ್ ಅವರಿಗೆ ಇದು ಒಗ್ಗಲಿಲ್ಲ. 1789ರಲ್ಲಿ ಅವರು ಸಂಘದಿಂದ ದೂರವಾದರು. ಜೋನ್ಸ್ ಅಲ್ಲಿಯೇ ಉಳಿದರು. ಸ್ನೇಹ ಕೆಡಲಿಲ್ಲ.

ಸೇಂಟ್ ಜಾರ್ಜ್ ದೇವಾಲಯದಿಂದ ನಿರ್ಗಮನ

ಆಲೆನ್ ಅವರ ಪ್ರಸಂಗದ ದೆಸೆಯಿಂದ ಸೇಂಟ್ ಜಾರ್ಜಿಗೆ ಬರುವ ಕಪ್ಪು ಭಕ್ತರ ಸಂಖ್ಯೆ ಹೆಚ್ಚಿದಂತೆ ಅವರನ್ನು ಮಾಮೂಲು ಜಾಗಗಳಿಂದ ಎಬ್ಬಿಸಿ ಗೋಡೆಯ ಪಕ್ಕಕ್ಕೆ ಕೂರಿಸತೊಡಗಿದರು. ದೇವಾಲಯವನ್ನು ವಿಸ್ತರಿಸಿ ಮೇಲೆ ಉಪ್ಪರಿಗೆ ಕಟ್ಟುವ ಕೆಲಸ ನಡೆದಾಗ ಕಪ್ಪು ಸದಸ್ಯರೂ ಹಣ ಕೊಟ್ಟರು, ಮೈಮುರಿದು ದುಡಿದರು. ಕೆಲಸ ಮುಗಿದ ಬಳಿಕದ ಒಂದು ಭಾನುವಾರ ಅವರು ಬಂದಾಗ ಬಾಗಿಲಲ್ಲಿದ್ದ ಸೇವಕ ಉಪ್ಪರಿಗೆಗೆ ಹೋಗಿರೆಂದು ತೋರಿಸಿದನು. ಕೆಳಗೆ ತಾವು ಹಿಂದೆ ಕುಳಿತಿರುತ್ತಿದ್ದ ಜಾಗದ ನೇರ ಮೇಲೆ ಕುಳಿತುಕೊಂಡರಾಯಿತೆಂದು ಅವರು ಹೋಗಿ ಕುಳಿತರು. ಅಷ್ಟರಲ್ಲಿ ಪ್ರಾರ್ಥನೆ ಆರಂಭವಾಗಿ ಎಲ್ಲರೂ ಮೊಣಕಾಲೂರಿದರು.

ಪ್ರಾರ್ಥನೆ ಇನ್ನೂ ನಡೆಯುತ್ತಿರುವಾಗಲೇ ಗದ್ದಲ ಕೇಳಿ ಆಲೆನ್ ತಲೆಯೆತ್ತಿ ನೋಡಿದರು. ದೇವಾಲಯದ ಧರ್ಮದರ್ಶಿಯೊಬ್ಬ ಮೊಣಕಾಲೂರಿದ್ದ ಆಬ್ಸಲೋಮ್ ಜೋನ್ಸರನ್ನು ಹಿಡಿದೆಳೆಯುತ್ತಿದ್ದನು. ಆ ಜಾಗ ಅವರಿಗೆ ಗೊತ್ತುಮಾಡಿದ್ದಲ್ಲವಂತೆ. ಪ್ರಾರ್ಥನೆ ಮುಗಿಯುವವರೆಗೆ ತಾಳಿರೆಂದು ಜೋನ್ಸ್ ಕೇಳಿಕೊಂಡರು. ಅವನು ತಾಳದೆ ಇನ್ನೊಬ್ಬ ಧರ್ಮದರ್ಶಿಯನ್ನು ಕರೆದನು. ಅವನು ಬಂದು ವಿಲಿಯಮ್ ವೈಟ್ ಎಂಬವರನ್ನು ಎಳೆಯಲು ಹೋದನು. ಅಷ್ಟರಲ್ಲಿ ಪ್ರಾರ್ಥನೆ ಮುಗಿಯಿತು. ಕಪ್ಪು ಭಕ್ತರೆಲ್ಲರೂ ಒಟ್ಟಾಗಿ ಎದ್ದು ಹೊರನಡೆದರು. ಮತ್ತೆ ಆ ದೇವಾಲಯದ ಸದಸ್ಯರಾಗಿ ಬರಲಿಲ್ಲ.

ಈ ಘಟನೆ 1787ರಲ್ಲಿ ನಡೆಯಿತೆಂದು ಸಭೆಯ ಪರಂಪರೆ ಹೇಳುತ್ತದೆ. ಆದರೆ ಉಪ್ಪರಿಗೆಯ ಕಾಮಗಾರಿಯ ಲೆಕ್ಕಪತ್ರಗಳು 1792ರವಾದ್ದರಿಂದ ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು 1792 ಅಥವಾ 1793ಕ್ಕೆ ಸೇರಿಸುತ್ತಾರೆ. ವಿದ್ಯಾರ್ಥಿಗಳು ಹಳೆಯ ಪುಸ್ತಕಗಳಲ್ಲಿ 1787 ಎಂದು ಕಂಡರೆ ಗಲಿಬಿಲಿಗೊಳ್ಳಬೇಕಾಗಿಲ್ಲ. ತಾರೀಖಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹೊರನಡೆದವರು ಸೇಂಟ್ ಜಾರ್ಜಿಗೆ ಹೊರಗಿನವರಾಗಿರಲಿಲ್ಲ. ಹೆಸರು ದಾಖಲಾದ ಸದಸ್ಯರು, ಚಂದಾ ಕೊಟ್ಟವರು, ತಾವು ಕೂಡಿ ಕಟ್ಟಿದ ಉಪ್ಪರಿಗೆಯಿಂದಲೇ ಎಬ್ಬಿಸಲ್ಪಟ್ಟವರು. ಒಳಗೆ ಬರಲು ಅಪ್ಪಣೆಯಿದ್ದರೂ ಒಳಗಿನವರಾಗಲು ಅವರಿಗೆ ಅವಕಾಶವಿರಲಿಲ್ಲ.

ಬಳಿಕ ಅವರು ಬಾಡಿಗೆಯ ಕೋಣೆಯಲ್ಲಿ ಕೂಡತೊಡಗಿದರು. ಸದಸ್ಯತ್ವದಿಂದ ತೆಗೆದುಹಾಕುವುದಾಗಿ ಮೆಥಡಿಸ್ಟ್ ಹಿರಿಯರು ಬೆದರಿಸಿದರು. ಆದರೆ ಸಹಿ ಮಾಡಿದ ಮೂಲ ಸ್ವಾತಂತ್ರ್ಯಘೋಷಣೆಗಾರರಲ್ಲಿ ಒಬ್ಬರಾದ ವೈದ್ಯ ಬೆಂಜಮಿನ್ ರಷ್ ಮತ್ತು ವರ್ತಕ ರಾಬರ್ಟ್ ರಾಲ್‌ಸ್ಟನ್ ಹಣ ಕೂಡಿಸಲು ನೆರವಾದರು. ಹೊಸ ದೇವಾಲಯದ ತಳಪಾಯಕ್ಕೆ ಮೊದಲ ಗುದ್ದಲಿ ಹಾಕಿದವರು ಆಲೆನ್. ಆದರೆ ಯಾವ ಪಂಥಕ್ಕೆ ಸೇರಬೇಕೆಂಬ ಮತ ಎಣಿಸಿದಾಗ ಮೆಥಡಿಸ್ಟರ ಪರ ಇದ್ದವರು ಆಲೆನ್ ಮತ್ತು ಜೋನ್ಸ್ ಇಬ್ಬರೇ. ಇಷ್ಟು ಅವಮಾನ ಮಾಡಿದವರ ಪಂಥವೇ ಬೇಡವೆಂದು ಉಳಿದವರೆಲ್ಲರೂ ಎಪಿಸ್ಕೋಪಲ್ ಪಂಥವನ್ನು ಆರಿಸಿಕೊಂಡು ಆಲೆನ್ ಅವರನ್ನೇ ಪಾಲಕರಾಗಲು ಕೇಳಿಕೊಂಡರು. ಆಲೆನ್ ಒಪ್ಪಲಿಲ್ಲ. ಅಕ್ಷರ ಬಾರದ ಜನರಿಗೆ ಮೆಥಡಿಸ್ಟರ ಸರಳ ಬೋಧನೆಯೂ ಕ್ಲಾಸ್ ಕೂಟಗಳ ಕಟ್ಟುನಿಟ್ಟೂ ಹೊಂದುವಷ್ಟು ಬೇರೆ ಯಾವುದೂ ಹೊಂದದೆಂಬುದು ಅವರ ದೃಢ ಅಭಿಪ್ರಾಯ. ಧರ್ಮದರ್ಶಿಗಳ ತಪ್ಪಿಗೆ ಧರ್ಮವನ್ನು ಬಿಡಲು ಅವರು ಸಿದ್ಧರಿರಲಿಲ್ಲ. ಜೋನ್ಸ್ ಜನರ ಮಾತಿಗೆ ಒಪ್ಪಿ ಸೇಂಟ್ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಸಭೆಯ ಪಾಲಕರಾದರು.

1793ರ ಹಳದಿ ಜ್ವರ

ಆಗ ದೇಶದ ರಾಜಧಾನಿಯಾಗಿದ್ದ ಫಿಲಡೆಲ್ಫಿಯದಲ್ಲಿ 1793ರ ಆಗಸ್ಟಿನಿಂದ ನವೆಂಬರಿನವರೆಗೆ ಹಳದಿ ಜ್ವರ ಹಬ್ಬಿ ಸುಮಾರು 5000 ಜನ ಸತ್ತರು. ಸೊಳ್ಳೆಯಿಂದ ಹರಡುವ ರೋಗವೆಂದು ಆಗ ಯಾರಿಗೂ ತಿಳಿಯದು. ಅನುಕೂಲವಿದ್ದವರು ಊರು ಬಿಟ್ಟರು. ಗಂಡ ಹೆಂಡತಿಯನ್ನು, ಮಕ್ಕಳು ತಂದೆತಾಯಿಯನ್ನು ತೊರೆದುಹೋದ ಮನೆಗಳಿದ್ದವು. ಆಫ್ರಿಕನ್ ಮೂಲದವರಿಗೆ ಈ ಜ್ವರ ತಗಲದೆಂದು ರಷ್ ನಂಬಿದ್ದರು ಮತ್ತು ಕಪ್ಪು ಜನರ ನೆರವನ್ನು ಬಹಿರಂಗವಾಗಿ ಕೋರಿದರು. ಆಲೆನ್ ಮತ್ತು ಜೋನ್ಸ್ ತಮ್ಮವರನ್ನು ಕೂಡಿಸಿ ರೋಗಿಗಳ ಶುಶ್ರೂಷೆ, ಹೆಣ ಸಾಗಿಸುವುದು, ಹೂಳುವುದು, ಅನಾಥ ಮಕ್ಕಳನ್ನು ಒಪ್ಪಿಸುವುದು ಎಲ್ಲವನ್ನೂ ವಹಿಸಿಕೊಂಡರು. ರಷ್ ಕಲಿಸಿಕೊಟ್ಟಂತೆ ನೂರಾರು ರೋಗಿಗಳ ರಕ್ತ ತೆಗೆದರು. ಅದು ಅಂದಿನ ಚಿಕಿತ್ಸೆ. ರಷ್ ಅವರ ನಂಬಿಕೆ ಸುಳ್ಳಾಯಿತು. ಕಪ್ಪು ಜನರೂ ನೂರಾರು ಸಂಖ್ಯೆಯಲ್ಲಿ ಸತ್ತರು. ಆಲೆನ್ ತಾವೂ ಜ್ವರ ಹಿಡಿದು ಬದುಕಿ ಉಳಿದರು.

ಜ್ವರ ಇಳಿದ ಮೇಲೆ ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕರು ಹೊರತಂದ ಪುಸ್ತಿಕೆಯಲ್ಲಿ, ಕಪ್ಪು ಶುಶ್ರೂಷಕರಲ್ಲಿ ಕೆಲವರು ವಿಪರೀತ ಹಣ ಸುಲಿದರು, ಮನೆಗಳನ್ನು ದೋಚಿದರು ಎಂಬ ಆರೋಪವಿತ್ತು. ಆಲೆನ್, ಜೋನ್ಸರ ಹೆಸರನ್ನು ಮಾತ್ರ ಹೊಗಳಿತ್ತು. ಈ ಹೊಗಳಿಕೆಯನ್ನು ಇಟ್ಟುಕೊಂಡು ಸುಮ್ಮನಿರಬಹುದಿತ್ತು. ಇಬ್ಬರೂ 1794ರ ಜನವರಿಯಲ್ಲಿ ಉತ್ತರರೂಪದ ಪುಸ್ತಿಕೆ ಪ್ರಕಟಿಸಿದರು. ಬಂದ ಹಣ, ಶವಪೆಟ್ಟಿಗೆಗೆ ಮತ್ತು ಆಳುಗಳಿಗೆ ತೆತ್ತ ಹಣ, ಕೈಯಿಂದ ಬಿದ್ದ ನಷ್ಟ ಇವುಗಳ ಲೆಕ್ಕ ಕೊಟ್ಟರು. ಕೂಲಿ ಏರಿದ್ದು ಶ್ರೀಮಂತರು ಒಬ್ಬರ ಮೇಲೊಬ್ಬರು ಹೆಚ್ಚು ಕೂಗಿದ್ದರಿಂದ ಎಂದು ತೋರಿಸಿದರು. ಇಬ್ಬರನ್ನು ಹೊಗಳಿ ಉಳಿದವರನ್ನು ತೆಗಳಿದರೆ ಹೆಸರಿಲ್ಲದೆ ದುಡಿದವರೆಲ್ಲರ ಮೇಲೂ ಕಳಂಕ ಉಳಿಯುತ್ತದೆಂಬುದು ಅವರ ವಾದದ ತಿರುಳು. ಅಮೆರಿಕದಲ್ಲಿ ಕಪ್ಪು ಲೇಖಕರು ಹಕ್ಕುಸ್ವಾಮ್ಯ ಪಡೆದು ಪ್ರಕಟಿಸಿದ ಮೊದಲ ಕೃತಿಯೆಂದು ಇದನ್ನು ಗುರುತಿಸಲಾಗಿದೆ.

ಬೇತೇಲ್ ಸಭೆ

ಆಲೆನ್ ಹಳೆಯ ಕಮ್ಮಾರಸಾಲೆಯೊಂದನ್ನು ಕೊಂಡು, ತಮ್ಮ ಕುದುರೆಗಳಿಂದ ಎಳೆಸಿ, ಆರನೆಯ ಬೀದಿಯಲ್ಲಿ ತಾವು ಮೊದಲೇ ಕೊಂಡಿದ್ದ ನಿವೇಶನಕ್ಕೆ ತಂದು ನಿಲ್ಲಿಸಿದರು. ಬಡಗಿಗಳನ್ನು ಕರೆಸಿ ಅದನ್ನು ದೇವಾಲಯವಾಗಿ ಮಾಡಿಸಿದರು. 1794ರ ಜುಲೈನಲ್ಲಿ ಬಿಷಪ್ ಆಸ್ಬರಿ ಬಂದು ಅದನ್ನು ಪ್ರತಿಷ್ಠಿಸಿದರು. ಬೇತೇಲ್ ಎಂಬುದು ಬೈಬಲಿನಲ್ಲಿ ಯಾಕೋಬನು ಮನೆ ಬಿಟ್ಟು ಓಡಿಹೋಗುವಾಗ ಕಲ್ಲನ್ನು ತಲೆದಿಂಬು ಮಾಡಿ ಮಲಗಿದ ಸ್ಥಳದ ಹೆಸರು; ದೇವರ ಮನೆ ಎಂದು ಅರ್ಥ.

ಇಲ್ಲಿ ಭಾನುವಾರದ ಆರಾಧನೆಗಿಂತ ಹೆಚ್ಚಿನದು ನಡೆಯುತ್ತಿತ್ತು. ವಾರದ ಕ್ಲಾಸ್ ಕೂಟಗಳು, ರೊಟ್ಟಿ ನೀರುಗಳನ್ನು ಹಂಚಿಕೊಂಡು ಸಾಕ್ಷಿ ಹೇಳುವ ಪ್ರೀತಿಭೋಜನ, ವರ್ಷಾಂತ್ಯದ ಜಾಗರಣೆ, ಮಕ್ಕಳಿಗೂ ದೊಡ್ಡವರಿಗೂ ಓದು ಬರಹ ಇವೆಲ್ಲ ಅದೇ ಸೂರಿನಡಿ. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಲೆನ್ ದಂಪತಿಗಳು ಆಸರೆ ಕೊಟ್ಟರು. ಸದಸ್ಯರ ನಡುವಣ ಜಗಳಗಳನ್ನು ಸಭೆಯ ಹಿರಿಯರೇ ಕೇಳಿ ತೀರ್ಮಾನಿಸುತ್ತಿದ್ದರು. ಕುಡಿತ, ವ್ಯಭಿಚಾರ, ಸಾಲ ಮುಳುಗಿಸುವುದು ಇವುಗಳಿಗೆ ಸಭೆಯಿಂದ ಹೊರಹಾಕುವ ಶಿಕ್ಷೆಯೂ ಇತ್ತು. ಇಂದಿನವರಿಗೆ ಇದು ಬಿಗಿ ಎನಿಸಬಹುದು. ಮದುವೆ ಕಾನೂನಿನ ಮುಂದೆ ನಿಲ್ಲದ, ಮಕ್ಕಳು ಯಾವಾಗ ಬೇಕಾದರೂ ಮಾರಾಟವಾಗಬಹುದಾದ ಸ್ಥಿತಿಯಿಂದ ಬಂದವರಿಗೆ ತಮ್ಮ ಮದುವೆಯನ್ನೂ ನಡತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಮಂಡಲಿ ಇದೆಯೆಂಬುದೇ ಗೌರವದ ಮಾತಾಗಿತ್ತು. ಗುಲಾಮನಾಗಿ ಬಾಳಿದವನ ಹೆಸರು ಅದುವರೆಗೆ ಇದ್ದದ್ದು ಒಡೆಯನ ಆಸ್ತಿಯ ಪಟ್ಟಿಯಲ್ಲಿ. ಇಲ್ಲಿ ಅದು ಸದಸ್ಯರ ಪಟ್ಟಿಗೆ ಸೇರಿತು. ಜನ ಹೆಚ್ಚುತ್ತ ಹೋದರು. 1810ರ ದಶಕದ ಹೊತ್ತಿಗೆ ಸದಸ್ಯರ ಸಂಖ್ಯೆ ಸಾವಿರವನ್ನು ದಾಟಿತ್ತು. ಈ ಸಭೆಯ ಬಳಕೆಗಾಗಿ ಆಲೆನ್ 1801ರಲ್ಲಿ ಒಂದು ಗೀತಸಂಗ್ರಹವನ್ನು ಪ್ರಕಟಿಸಿದರು.

ಆಲೆನ್ ಇದಾವುದಕ್ಕೂ ಸಂಬಳವನ್ನು ನೆಚ್ಚಿದವರಲ್ಲ. ಜೋಡು ಹೊಲಿಯುವುದು, ಹೊಗೆಗೂಡು ಗುಡಿಸುವ ಆಳುಗಳ ಮೇಸ್ತ್ರಿಕೆ, ಮನೆಗಳನ್ನು ಕೊಂಡು ಬಾಡಿಗೆಗೆ ಕೊಡುವುದು ಇವು ಅವರ ಜೀವನೋಪಾಯ. ಊರಿಗೆಲ್ಲ ಪರಿಚಿತರಾಗಿ ಇಷ್ಟು ವರ್ಷ ಕಳೆದ ಬಳಿಕವೂ ಒಮ್ಮೆ ಗುಲಾಮರನ್ನು ಹಿಡಿಯುವವನೊಬ್ಬ ಬಂದು ಇವರು ತನ್ನಿಂದ ಓಡಿಬಂದ ಗುಲಾಮನೆಂದು ದಾವೆ ಹೂಡಿದನು. ಸುಳ್ಳು ದಾವೆಗಾಗಿ ಅವನೇ ಸೆರೆಮನೆ ಸೇರಿದನು.

ಆಸ್ತಿಯ ವ್ಯಾಜ್ಯ

1796ರಲ್ಲಿ ಬೇತೇಲನ್ನು ಕಾನೂನುಬದ್ಧ ಸಂಸ್ಥೆಯಾಗಿ ನೋಂದಾಯಿಸುವಾಗ ದಸ್ತಾವೇಜು ಬರೆದುಕೊಟ್ಟವರು ಒಬ್ಬ ಬಿಳಿಯ ಮೆಥಡಿಸ್ಟ್ ಹಿರಿಯರು. ನಂಬಿ ಸಹಿ ಹಾಕಿದ ಸದಸ್ಯರಿಗೆ, ಆ ಬರಹದ ಪ್ರಕಾರ ದೇವಾಲಯದ ಆಸ್ತಿ ಮೆಥಡಿಸ್ಟ್ ಸಮ್ಮೇಳನದ ಹಿಡಿತಕ್ಕೆ ಹೋಗಿದೆಯೆಂಬುದು ತಿಳಿದದ್ದು ಸುಮಾರು ಹತ್ತು ವರ್ಷಗಳ ಮೇಲೆ, ಸೇಂಟ್ ಜಾರ್ಜಿನ ಹಿರಿಯರೊಬ್ಬರು ಬೀಗದ ಕೈಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಒಪ್ಪಿಸಿರೆಂದು ಕೇಳಿದಾಗ. ವಕೀಲರ ಸಲಹೆ ಪಡೆದು 1807ರಲ್ಲಿ ಸದಸ್ಯರು ಮೂರರಲ್ಲಿ ಎರಡು ಪಾಲು ಬಹುಮತದಿಂದ ದಸ್ತಾವೇಜಿಗೆ ಒಂದು ಅನುಬಂಧ ಸೇರಿಸಿ ಹಿಡಿತವನ್ನು ಮರಳಿ ಪಡೆದರು.

ಮುಂದಿನ ಹಗ್ಗಜಗ್ಗಾಟ ಸೇವೆಯ ಶುಲ್ಕದ ಮೇಲೆ ನಡೆಯಿತು. ಬೇತೇಲಿನಲ್ಲಿ ಪ್ರಸಂಗ ಮಾಡಲು ಸೇಂಟ್ ಜಾರ್ಜಿನವರು ವರ್ಷಕ್ಕೆ 600 ಡಾಲರು ಕೇಳಿದರು, ಆಮೇಲೆ 400ಕ್ಕೆ ಇಳಿದರು. 200ಕ್ಕಿಂತ ಹೆಚ್ಚು ಕೊಡಲಾಗದೆಂದು ಬೇತೇಲಿನವರು ಪಟ್ಟುಹಿಡಿದರು. ಅಷ್ಟು ಕೊಟ್ಟರೂ ಬೋಧಕರು ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಬಂದುಹೋಗುತ್ತಿದ್ದರು. 1815ರಲ್ಲಿ ದೇವಾಲಯವೇ ಹರಾಜಿಗೆ ಬಂದಿತು. ಕಮ್ಮಾರಸಾಲೆಯಿಂದ ಆರಂಭಿಸಿ ತಾವೇ ಕಟ್ಟಿದ್ದನ್ನು ಆಲೆನ್ ಹರಾಜಿನಲ್ಲಿ 10,125 ಡಾಲರು ಕೂಗಿ ಮತ್ತೆ ಕೊಂಡುಕೊಳ್ಳಬೇಕಾಯಿತು. ಇಷ್ಟಾದರೂ ಬಿಳಿಯ ಹಿರಿಯರೊಬ್ಬರು ಬಲವಂತವಾಗಿ ಪ್ರಸಂಗಪೀಠ ಏರಲು ಬಂದರು. ಸದಸ್ಯರು ಕೈಮಾಡಲಿಲ್ಲ. ಬಾಗಿಲಿನಿಂದ ಪೀಠದವರೆಗಿನ ಓಣಿಯಲ್ಲಿ ಇರುವೆ ನುಸುಳದಂತೆ ತುಂಬಿ ನಿಂತುಬಿಟ್ಟರು. ಅವರು ಪೀಠ ಮುಟ್ಟಲಾಗದೆ ಹಿಂದಿರುಗಿದರು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 1816ರ ಜನವರಿಯಲ್ಲಿ ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯ ಬೇತೇಲಿನವರ ಪರವಾಗಿ ತೀರ್ಪು ಕೊಟ್ಟಿತು.

ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ

ಬಾಲ್ಟಿಮೋರ್ ಮುಂತಾದ ಕಡೆಗಳಲ್ಲಿಯೂ ಕಪ್ಪು ಮೆಥಡಿಸ್ಟರು ಇದೇ ತೊಡಕುಗಳನ್ನು ಅನುಭವಿಸಿದ್ದರು. 1816ರ ಏಪ್ರಿಲಿನಲ್ಲಿ ಇವರ ಪ್ರತಿನಿಧಿಗಳು ಬೇತೇಲಿನಲ್ಲಿ ಕೂಡಿ ಸ್ವತಂತ್ರ ಸಭೆಯನ್ನು ಸ್ಥಾಪಿಸಿದರು. ಬಾಲ್ಟಿಮೋರಿನ ಡೇನಿಯಲ್ ಕೋಕರ್ ಮೊದಲು ಬಿಷಪರಾಗಿ ಆಯ್ಕೆಯಾಗಿ ಬಿಟ್ಟುಕೊಟ್ಟರು. ಏಪ್ರಿಲ್ 11ರಂದು ಆಲೆನ್ ಅವರಿಗೆ ಬಿಷಪ್ ದೀಕ್ಷೆಯಾಯಿತು. ದೀಕ್ಷೆ ಕೊಡುವಾಗ ತಲೆಯ ಮೇಲೆ ಕೈಯಿಟ್ಟವರಲ್ಲಿ ಬೇರೆ ಪಂಥಕ್ಕೆ ಸೇರಿದ್ದ ಆಬ್ಸಲೋಮ್ ಜೋನ್ಸರೂ ಇದ್ದರು. ಹೊಸ ಸಭೆ ಮೆಥಡಿಸ್ಟರ ಸಿದ್ಧಾಂತವನ್ನೂ ಶಿಸ್ತನ್ನೂ ಹಾಗೆಯೇ ಇಟ್ಟುಕೊಂಡಿತು. ಗುಲಾಮರನ್ನು ಇಟ್ಟುಕೊಂಡವರಿಗೆ ಮಾತ್ರ ಸದಸ್ಯತ್ವವಿಲ್ಲ. 1784ರಲ್ಲಿ ತಾಯಿಸಭೆ ಮಾಡಿ ಕೈಬಿಟ್ಟ ನಿಯಮವನ್ನು ಮಗಳುಸಭೆ ನಡೆಸಿತು ಎನ್ನಬಹುದು.

ದಕ್ಷಿಣದಲ್ಲಿ ಇದರ ಬೆಳವಣಿಗೆ ಸುಲಭವಾಗಲಿಲ್ಲ. ಚಾರ್ಲ್ಸ್‌ಟನ್ ನಗರದಲ್ಲಿ ಮೋರಿಸ್ ಬ್ರೌನ್ ಕಟ್ಟಿದ ದೊಡ್ಡ ಸಭೆಯ ಕಟ್ಟಡವನ್ನು, ಅದರ ಸದಸ್ಯ ಡೆನ್ಮಾರ್ಕ್ ವೆಸಿ ಗುಲಾಮರ ಬಂಡಾಯಕ್ಕೆ ಸಂಚು ಮಾಡಿದನೆಂಬ ಕಾರಣದಿಂದ, 1822ರಲ್ಲಿ ನೆಲಸಮ ಮಾಡಲಾಯಿತು. ಬ್ರೌನ್ ಫಿಲಡೆಲ್ಫಿಯಕ್ಕೆ ಬಂದು ಆಲೆನ್ ಅವರ ಆಶ್ರಯದಲ್ಲಿ ನೆಲಸಿ, 1828ರಲ್ಲಿ ಎರಡನೆಯ ಬಿಷಪರಾದರು.

ಸಭೆಯೊಳಗೇ ಯಾರು ಮಾತನಾಡಬಹುದೆಂಬ ಪ್ರಶ್ನೆಯೂ ಎದ್ದಿತು. ಜರೀನಾ ಲೀ ಎಂಬ ಯುವತಿ ತನಗೆ ಪ್ರಸಂಗ ಮಾಡುವ ಕರೆ ಬಂದಿದೆಯೆಂದು ಆಲೆನ್ ಅವರ ಬಳಿ ಬಂದಾಗ, ಮೆಥಡಿಸ್ಟ್ ನಿಯಮದಲ್ಲಿ ಸ್ತ್ರೀಬೋಧಕರಿಗೆ ಎಡೆಯಿಲ್ಲವೆಂದು ಹೇಳಿ ಕಳುಹಿಸಿದರು. ಸುಮಾರು ಎಂಟು ವರ್ಷಗಳ ಮೇಲೆ ಬೇತೇಲಿನಲ್ಲಿ ಪ್ರಸಂಗ ಮಾಡುತ್ತಿದ್ದ ಬೋಧಕರೊಬ್ಬರು ಮಾತು ತೋಚದೆ ತಡವರಿಸಿದಾಗ ಲೀ ಎದ್ದು ನಿಂತು ಪ್ರಸಂಗವನ್ನು ಮುಂದುವರಿಸಿದರು. ತನ್ನನ್ನು ಹೊರಹಾಕುವರೆಂದೇ ಆಕೆ ಎಣಿಸಿದ್ದರು. ಬಿಷಪ್ ಎದ್ದು, ಹಿಂದೆ ಈಕೆ ಕೇಳಿದ್ದನ್ನು ತಾವು ತಳ್ಳಿಹಾಕಿದ್ದನ್ನು ಎಲ್ಲರ ಮುಂದೆ ನೆನಪಿಸಿ, ಈಕೆಗೆ ಕರೆಯುಂಟೆಂದು ಈಗ ನಂಬುವುದಾಗಿ ಹೇಳಿದರು. ದೀಕ್ಷೆಯನ್ನು ಮಾತ್ರ ಕೊಡಲಿಲ್ಲ; ಸಂಚಾರಿ ಬೋಧಕಿಯಾಗಿ ಆಕೆ ಸಾವಿರಾರು ಮೈಲಿ ತಿರುಗಿದರು.

ಆಲೆನ್ ಅವರ ಮೊದಲ ಪತ್ನಿ ಫ್ಲೋರಾ 1801ರಲ್ಲಿ ತೀರಿಕೊಂಡರು. ಎರಡನೆಯ ಪತ್ನಿ ಸಾರಾ. ಇವರಿಗೆ ಆರು ಮಂದಿ ಮಕ್ಕಳು. ಸಮ್ಮೇಳನಕ್ಕೆ ಬಂದ ಬೋಧಕರ ಹರಿದ ಬಟ್ಟೆಗಳನ್ನು ಕಂಡು ಸಾರಾ ಹೆಂಗಸರನ್ನು ಕೂಡಿಸಿ ಹೊಲಿಗೆಯ ಕೆಲಸ ಆರಂಭಿಸಿದರು. ಇದೇ ಮುಂದೆ ಸಭೆಯ ಮಹಿಳಾ ಸಂಘಟನೆಯಾಗಿ ಬೆಳೆಯಿತು.

ದೇಶ ಯಾರದು ಎಂಬ ಪ್ರಶ್ನೆ

ಸ್ವತಂತ್ರರಾದ ಕಪ್ಪು ಜನರನ್ನು ಆಫ್ರಿಕಕ್ಕೆ ಕಳುಹಿಸಿಬಿಡಬೇಕೆಂಬ ಉದ್ದೇಶದಿಂದ 1816ರ ಕೊನೆಯಲ್ಲಿ ಒಂದು ಪ್ರಬಲ ಸಂಸ್ಥೆ ಹುಟ್ಟಿತು. 1817ರ ಜನವರಿಯಲ್ಲಿ ಇದನ್ನು ಚರ್ಚಿಸಲು ಬೇತೇಲಿನಲ್ಲಿ ಸುಮಾರು 3000 ಜನ ಕೂಡಿದರು. ಆಲೆನ್, ಜೋನ್ಸ್, ಹಾಯಿಪಟದ ಉದ್ಯಮಿ ಜೇಮ್ಸ್ ಫೋರ್ಟನ್ ಈ ಯೋಜನೆಯಲ್ಲಿ ಏನಾದರೂ ಒಳಿತಿರಬಹುದೆಂದು ಮೊದಲು ಎಣಿಸಿದ್ದರು. ಪರವಾಗಿರುವವರು ಹೇಳಿರೆಂದಾಗ ಒಂದು ದನಿಯೂ ಏಳಲಿಲ್ಲ. ವಿರೋಧವಾಗಿರುವವರು ಹೇಳಿರೆಂದಾಗ ಗೋಡೆ ನಡುಗುವಂತೆ ಕೂಗು ಎದ್ದಿತು. ಸಭೆ ನಾಯಕರ ಹಿಂದೆ ಹೋಗಲಿಲ್ಲ. ನಾಯಕರೇ ಸಭೆಯ ಹಿಂದೆ ಹೋದರು. ಮುಂದೆ 1827ರಲ್ಲಿ ಕಪ್ಪು ಜನರ ಮೊದಲ ಪತ್ರಿಕೆಯಲ್ಲಿ ಆಲೆನ್ ಈ ಯೋಜನೆಯನ್ನು ಖಂಡಿಸಿ ಬರೆದರು. ತಮ್ಮವರ ಕಣ್ಣೀರೂ ರಕ್ತವೂ ಬಿದ್ದು ಹದವಾದ ಈ ನೆಲವೇ ತಮಗೆ ತಾಯ್ನೆಲವೆಂಬುದು ಅವರ ನಿಲುವು. ಸ್ವಂತ ಇಚ್ಛೆಯಿಂದ ಹೇಟಿ ದೇಶಕ್ಕೆ ಹೋಗುವವರಿಗೆ ಮಾತ್ರ ಅವರು 1824ರಲ್ಲಿ ಬೆಂಬಲ ಕೊಟ್ಟಿದ್ದರು.

1829ರಲ್ಲಿ ಸಿನ್ಸಿನಾಟಿಯಲ್ಲಿ ಕಪ್ಪು ನಿವಾಸಿಗಳನ್ನು ಹೊಡೆದೋಡಿಸಿದ ಗಲಭೆಗಳ ನಂತರ, 1830ರ ಸೆಪ್ಟೆಂಬರಿನಲ್ಲಿ ಹಲವು ರಾಜ್ಯಗಳ ಕಪ್ಪು ಪ್ರತಿನಿಧಿಗಳ ಮೊದಲ ರಾಷ್ಟ್ರೀಯ ಅಧಿವೇಶನ ಬೇತೇಲಿನಲ್ಲಿ ಸೇರಿತು. ಎಪ್ಪತ್ತರ ವೃದ್ಧರಾದ ಆಲೆನ್ ಅಧ್ಯಕ್ಷತೆ ವಹಿಸಿದರು.

ನಿಧನ ಮತ್ತು ನಂತರ

ಆಲೆನ್ 1831ರ ಮಾರ್ಚ್ 26ರಂದು ಫಿಲಡೆಲ್ಫಿಯದಲ್ಲಿ ನಿಧನರಾದರು. ಮಗನಿಗೆ ಹೇಳಿ ಬರೆಸಿದ ಅವರ ಆತ್ಮಕಥೆ 1833ರಲ್ಲಿ ಪ್ರಕಟವಾಯಿತು. ದಕ್ಷಿಣ ಕೆರೊಲಿನದಲ್ಲಿ 1870ರಲ್ಲಿ ಸ್ಥಾಪನೆಯಾದ ಆಲೆನ್ ವಿಶ್ವವಿದ್ಯಾನಿಲಯಕ್ಕೆ ಇವರ ಹೆಸರನ್ನು ಇಡಲಾಗಿದೆ. 2016ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಚಾರ್ಲ್ಸ್‌ಟನ್ನಿನಲ್ಲಿ ಮತ್ತೆ ತಲೆಯೆತ್ತಿದ ಇಮ್ಯಾನುಯೆಲ್ ಸಭೆಯಲ್ಲಿ 2015ರ ಜೂನ್ ತಿಂಗಳ ಒಂದು ಸಂಜೆ ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ ಒಂಬತ್ತು ಮಂದಿಯನ್ನು, ಅವರು ಸ್ವಾಗತಿಸಿ ಜತೆಯಲ್ಲಿ ಕೂರಿಸಿಕೊಂಡಿದ್ದ ಅಪರಿಚಿತ ಬಿಳಿಯ ಯುವಕನೊಬ್ಬ ಗುಂಡಿಕ್ಕಿ ಕೊಂದನು. ಅದು ಆಲೆನ್ ಸ್ಥಾಪಿಸಿದ ಸಭೆಯ ಅಂಗವೇ.

ಸೇಂಟ್ ಜಾರ್ಜ್ ದೇವಾಲಯ ಇಂದಿಗೂ ಬಳಕೆಯಲ್ಲಿದೆ. 2009ರಲ್ಲಿ ಬೇತೇಲಿನ ಸಭೆ ಅಲ್ಲಿಗೆ ಹೋಗಿ ಅಲ್ಲಿಯವರೊಡನೆ ಭಾನುವಾರದ ಆರಾಧನೆಯಲ್ಲಿ ಪಾಲ್ಗೊಂಡಿತು. ಆರನೆಯ ಬೀದಿಯ ನಿವೇಶನ ಆಲೆನ್ ಕೊಂಡ ದಿನದಿಂದ ಇಂದಿನವರೆಗೂ ಕಪ್ಪು ಜನರ ಒಡೆತನದಲ್ಲಿಯೇ ಇದೆ. ಅದರ ಮೇಲೆ ಈಗಿರುವುದು ನಾಲ್ಕನೆಯ ಕಟ್ಟಡ, 1890ರ ಸುಮಾರಿಗೆ ಕಟ್ಟಿದ್ದು. ತಾಯಿ ಬೇತೇಲ್ ಎಂದು ಕರೆಯುತ್ತಾರೆ. ರಿಚರ್ಡ್ ಮತ್ತು ಸಾರಾ ಅವರ ಸಮಾಧಿಗಳು ಅದರ ಕೆಳ ಅಂತಸ್ತಿನಲ್ಲಿವೆ.